ಎಐ ಕೈಲಿ ಡ್ರಾಫ್ಟ್ ತಿದ್ದಿಸ್ಕೊಳ್ಳೋದು ಹೇಗೆ: ಕನ್ನಡದಲ್ಲಿ ಬರೆಯೋರಿಗೆ

ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ ಕೊನೇಲಿ, ಆಮೇಲೆ ಜೆಮಿನಿ, ಕ್ಲಾಡ್ ಅಂತ ಇನ್ನೊಂದಷ್ಟು ಬಂದ್ವು, ಈಗ ವಾಟ್ಸಾಪ್ ಒಳಗೇ ಒಂದು ಕೂತಿದೆ. ಎಲ್ಲವೂ ಕನ್ನಡ ಓದ್ತವೆ, ಬರೀತವೆ. ಆದ್ರೆ ನಮ್ಮಲ್ಲಿ ತುಂಬಾ ಜನ ಅದನ್ನ ಬಳಸೋದು ಒಂದೇ ರೀತಿ: ಬರೆದಿದ್ದನ್ನ ಪೂರ್ತಿ ಪೇಸ್ಟ್ ಮಾಡೋದು, ಕೆಳಗೆ "ಇದನ್ನ ಚೆನ್ನಾಗಿ ಮಾಡಿಕೊಡು" ಅನ್ನೋದು, ಬಂದಿದ್ದನ್ನ ಹಾಗೇ ಎತ್ತಿ ಹಾಕೋದು. ಅದಕ್ಕೇ ಈಗ ಫೇಸ್‌ಬುಕ್ಕಲ್ಲಿ ಹತ್ತು ಜನರ ಬರಹ ಓದಿದ್ರೆ ಹತ್ತೂ ಒಬ್ಬರೇ ಬರೆದ ಹಾಗಿರತ್ತೆ.

ನನ್ನ ಲೆಕ್ಕದಲ್ಲಿ ಎಐ ಒಳ್ಳೇ ಓದುಗ, ಕನ್ನಡದ ಮಟ್ಟಿಗೆ ಸುಮಾರಾದ ಬರಹಗಾರ. ಹಾಗಾಗಿ ಅದರ ಕೈಲಿ ಓದಿಸಿ, ಎಲ್ಲಿ ಎಡವಿದೀನಿ ತೋರಿಸು ಅನ್ನಿ, ಪೆನ್ನು ಮಾತ್ರ ಕೊಡಬೇಡಿ. ಅರ್ಜಿ, ಕಚೇರಿ ಪತ್ರದಂಥವು ಬೇರೆ ಕತೆ, ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಡ್ರಾಫ್ಟ್ ಮುಗಿಸಿ. ಅರ್ಧ ಬರೆದು "ಮುಂದೆ ಏನು ಬರೀಲಿ" ಅಂತ ಕೇಳಿದ್ರೆ ಅಲ್ಲಿಂದಾಚೆ ಅದು ನಿಮ್ಮ ಬರಹ ಅಲ್ಲ. ಆಮೇಲೆ ಫೈಲ್ ಯಾವ ಫಾಂಟಲ್ಲಿದೆ ನೋಡ್ಕೊಳ್ಳಿ, ಹಳೇ ನುಡಿ ಅಥ್ವಾ ಶ್ರೀಲಿಪಿಯಲ್ಲಿ ಟೈಪ್ ಮಾಡಿದ್ದಾದ್ರೆ ಪೇಸ್ಟ್ ಮಾಡಿದ ತಕ್ಷಣ ಕನ್ನಡದ ಬದ್ಲು ಇಂಗ್ಲಿಷ್ ಅಕ್ಷರ, ವಿಚಿತ್ರ ಚಿಹ್ನೆ ಎಲ್ಲ ಕಾಣತ್ತೆ, ಅದನ್ನ ಆಸ್ಕಿಯಿಂದ (ಆ ಹಳೇ ಫಾಂಟ್ ಪದ್ಧತಿ) ಯೂನಿಕೋಡಿಗೆ (ಈಗ ಫೋನು, ವೆಬ್‌ಸೈಟು ಎಲ್ಲ ಬಳಸೋ ಪದ್ಧತಿ) ಕನ್ವರ್ಟ್ ಮಾಡಿ ಕೊಡಬೇಕು, ಕನ್ವರ್ಟ್ ಆದ್ಮೇಲೆ ಒತ್ತಕ್ಷರ, ಅರ್ಕಾವೊತ್ತು ಸರಿಯಾಗಿ ಬಂದಿದೆಯಾ ಅಂತ ಒಂದ್ಸಲ ಕಣ್ಣಾಡಿಸಿ. ಕೈಬರಹದ ಫೋಟೋ ಹಾಕಿದ್ರೂ ಓದತ್ತೆ ನಿಜ, ಆದ್ರೆ ಗೊತ್ತಾಗದೇ ಇರೋ ಕಡೆ ಊಹೆ ಮಾಡಿ ತುಂಬಿಸತ್ತೆ, ಊಹೆ ಮಾಡಿದೀನಿ ಅಂತ ಹೇಳೋದೂ ಇಲ್ಲ.

ಪೂರ್ತಿ ಇಪ್ಪತ್ತು ಪುಟದ ಕತೆ ಒಟ್ಟಿಗೆ ಸುರೀಬೇಡಿ. ಯೂನಿಕೋಡಲ್ಲಿ, ಸಾಮಾನ್ಯವಾಗಿ ಬಳಸೋ ಯುಟಿಎಫ್-8 ರೂಪದಲ್ಲಿ, ಕನ್ನಡದ ಒಂದೊಂದು ಸಂಕೇತಕ್ಕೂ (ಮೂಲ ಅಕ್ಷರ, ಗುಣಿತದ ಗುರುತು, ಒತ್ತು ಕೂಡಿಸೋ ಗುರುತು ಎಲ್ಲ ಬೇರೆ ಬೇರೆ ಸಂಕೇತ) 3 ಬೈಟ್, ಅಂದ್ರೆ ಕಂಪ್ಯೂಟರಲ್ಲಿ ಅಷ್ಟು ಜಾಗ, ಬೇಕು, ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. 'ಸ್ತ್ರೀ' ಅಂತ ನಾವು ಒಂದೇ ಅಕ್ಷರ ಅನ್ಕೊಳ್ಳೋದು ಒಳಗೆ 6 ಸಂಕೇತ, ಅಂದ್ರೆ 18 ಬೈಟ್. ಈ ಮಾಡೆಲ್‌ಗಳು ಪಠ್ಯವನ್ನ ತುಂಡು ತುಂಡಾಗಿ ಒಡೆದು ಓದೋದ್ರಿಂದ ಅದೇ ವಿಷಯಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಹೆಚ್ಚು ತುಂಡು ಆಗತ್ತೆ, ಫ್ರೀ ಅಕೌಂಟಲ್ಲಿ ಲಿಮಿಟ್ ಬೇಗ ಮುಗಿಯತ್ತೆ, ಉದ್ದ ಜಾಸ್ತಿ ಆದ್ರೆ ಮಧ್ಯದ ಭಾಗಕ್ಕೆ ಗಮನವೂ ಕಮ್ಮಿ ಆಗತ್ತೆ. ನಾನು ನಾನ್ನೂರು, ಐನೂರು ಪದದ ಹಾಗೆ ಭಾಗ ಮಾಡಿ ಕೊಡ್ತೀನಿ.

ಇನ್ನು ಕೇಳೋ ಕ್ರಮ. ಒಂದು ಪ್ರಬಂಧ ಇದೆ ಅನ್ಕೊಳ್ಳಿ, ಪೇಪರಿನ ಭಾನುವಾರದ ಪುರವಣಿಗೆ ಕಳಿಸಬೇಕು. ಮೊದಲ ಮೆಸೇಜ್ ಹೀಗಿರಲಿ:

"ಇದು ಪತ್ರಿಕೆಯ ಪುರವಣಿಗೆ ಬರೆದ ಲಲಿತ ಪ್ರಬಂಧ. ಒಂದು ವಾಕ್ಯವನ್ನೂ ತಿದ್ದಬೇಡ, ಮತ್ತೆ ಬರೆದು ಕೊಡಬೇಡ, ಹೊಗಳಬೇಡ. ಎಲ್ಲಿ ಬೇಜಾರಾಗುತ್ತೆ, ಎಲ್ಲಿ ಅರ್ಥ ಆಗಲ್ಲ, ಎಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದ್ದೀನಿ, ಆ ಸಾಲನ್ನು ಎತ್ತಿ ಹಾಕಿ ಕಾರಣವನ್ನು ಒಂದೇ ವಾಕ್ಯದಲ್ಲಿ ಹೇಳು."

'ಹೊಗಳಬೇಡ' ಅನ್ನೋದು ಸುಮ್ನೆ ಹಾಕಿದ್ದಲ್ಲ. ಇವಕ್ಕೆ ಬಳಸೋರನ್ನ ಖುಷಿಪಡಿಸೋ ಚಟ ಇದೆ, ಏನು ಕೊಟ್ರೂ "ತುಂಬಾ ಹೃದಯಸ್ಪರ್ಶಿಯಾಗಿದೆ" ಅಂತ ಶುರು ಮಾಡತ್ತೆ. ಇನ್ನೂ ಖಾರವಾಗಿ ಬೇಕಂದ್ರೆ "ನೀನು ಪುರವಣಿ ಸಂಪಾದಕ, ಇದನ್ನ ವಾಪಸ್ ಕಳಿಸ್ತಿದೀಯ, ಯಾಕೆ ಹೇಳು" ಅನ್ನಿ. ಆದ್ರೆ ಉಲ್ಟಾನೂ ನಿಜ, ತಪ್ಪು ಹುಡುಕು ಅಂದ್ರೆ ಇಲ್ಲದಿದ್ರೂ ಹುಡುಕಿ ಕೊಡತ್ತೆ, ಹತ್ತು ತಪ್ಪು ಹೇಳು ಅಂದ್ರೆ ಹತ್ತು ಬಂದೇ ಬರತ್ತೆ. ಹಾಗಾಗಿ ಸಂಖ್ಯೆ ಹೇಳಬೇಡಿ, ಬಂದಿದ್ರಲ್ಲಿ ನಿಮಗೂ ಒಳಗೊಳಗೇ ಅನುಮಾನ ಇದ್ದ ಜಾಗ ಯಾವುದು ಅಂತ ನೋಡಿ, ಅದನ್ನ ಇಟ್ಕೊಳ್ಳಿ, ಉಳಿದಿದ್ದಕ್ಕೆ ಕೈಮುಗಿದು ಬಿಡಿ.

ಎರಡನೇ ಪ್ರಶ್ನೆ ನನಗೆ ಎಲ್ಲಕ್ಕಿಂತ ಇಷ್ಟ: "ಪ್ರತಿ ಪ್ಯಾರಾ ಏನು ಹೇಳ್ತಿದೆ, ಒಂದೊಂದೇ ಸಾಲಲ್ಲಿ ಬರಿ." ಇಷ್ಟೇ. ಬಂದ ಪಟ್ಟೀಲಿ ಎರಡು ಸಾಲು ಒಂದೇ ಥರ ಇದ್ರೆ ಒಂದು ಪ್ಯಾರಾ ತೆಗೀಬೋದು. ನೀವು ಹೇಳಬೇಕು ಅಂತಿದ್ದಿದ್ದು ಒಂದು, ಅದು ಅರ್ಥ ಮಾಡ್ಕೊಂಡಿದ್ದು ಇನ್ನೊಂದು ಆದ್ರೆ ಹತ್ರಲ್ಲಿ ಎಂಟು ಸಲ ಪ್ಯಾರಾದಲ್ಲೇ ಗೋಜಲು ಇರತ್ತೆ. ಆ ಪಟ್ಟಿ ಮಾತ್ರ ಓದಿದಾಗ ವಿಷಯ ಒಂದರಿಂದ ಒಂದಕ್ಕೆ ಸರಿಯಾಗಿ ಹೋಗ್ತಿದೆಯಾ, ನಿಜವಾದ ಶುರು ಮೂರನೇ ಪ್ಯಾರಾದಲ್ಲಿದೆಯಾ ಅಂತೆಲ್ಲ ಕಣ್ಣಿಗೆ ಹೊಡೆಯತ್ತೆ, ನಮ್ಮಲ್ಲಿ ಪೀಠಿಕೆ ಹಾಕೋ ಅಭ್ಯಾಸ ಜಾಸ್ತಿ ನೋಡಿ, ಮೊದಲೆರಡು ಪ್ಯಾರಾ ಎಷ್ಟೋ ಸಲ ಗಂಟಲು ಸರಿಮಾಡ್ಕೊಳ್ಳೋದ್ರಲ್ಲೇ ಹೋಗಿರತ್ತೆ.

ಈ ರಚನೆ ಎಲ್ಲ ನೀವೇ ಸರಿ ಮಾಡಿ ಮುಗಿಸಿದ ಮೇಲೆ ವಾಕ್ಯಕ್ಕೆ ಬನ್ನಿ. ಹೇಗೂ ಕಿತ್ತು ಹಾಕೋ ಪ್ಯಾರಾಕ್ಕೆ ಕಾಗುಣಿತ ನೋಡ್ತಾ ಕೂರೋದು ಟೈಮ್ ವೇಸ್ಟ್.

ವಾಕ್ಯದ ಹಂತದಲ್ಲೇ ನಿಜವಾದ ತೊಂದರೆ ಶುರುವಾಗೋದು. ಉದಾಹರಣೆಗೆ ಧಾರವಾಡ ಕಡೆಯವರು ಒಬ್ರು ಹೀಗೆ ಬರೆದಿದಾರೆ ಅನ್ಕೊಳ್ಳಿ: "ಅವ್ವ ರೊಟ್ಟಿ ಬಡೀತಿದ್ಲು, ನಾ ಒಲಿ ಮುಂದ ಕುಂತಿದ್ದೆ." ಇದನ್ನ "ಸುಧಾರಿಸಿ ಕೊಡು" ಅಂದ್ರೆ ಬರೋದು ಈ ಥರ: "ನನ್ನ ತಾಯಿ ರೊಟ್ಟಿಯನ್ನು ತಯಾರಿಸುತ್ತಿದ್ದರು ಮತ್ತು ನಾನು ಒಲೆಯ ಮುಂದೆ ಕುಳಿತಿದ್ದೆನು." ವ್ಯಾಕರಣ ಸರಿ ಇದೆ. ಅವ್ವ ಹೋದ್ಲು, ಬಡಿಯೋ ಸದ್ದು ಹೋಯ್ತು, ಊರೇ ಹೋಯ್ತು. ಕುಂದಾಪುರ, ಮಂಗಳೂರು, ಕೋಲಾರ ಯಾವ ಕಡೆ ಕನ್ನಡ ಕೊಟ್ರೂ ಇದೇ ಹಣೆಬರಹ, ಎಲ್ಲರನ್ನೂ ಒಂದೇ ಪಠ್ಯಪುಸ್ತಕದ ಕನ್ನಡಕ್ಕೆ ತಂದು ಕೂರಿಸತ್ತೆ. ಅದಕ್ಕೆ ಮೊದಲೇ ಹೇಳಿಬಿಡಿ: "ಇದು ಉತ್ತರ ಕರ್ನಾಟಕದ ಆಡುಮಾತು, ಬೇಕಂತಲೇ ಬರೆದಿದ್ದು, ಮಾತುಕತೆ ಇರೋ ಸಾಲುಗಳನ್ನ ಮುಟ್ಟಲೇಬೇಡ." ನೀವು ಮುಂಚೆ ಬರೆದ ಎರಡು ಮೂರು ಪ್ಯಾರಾ ಕೊಟ್ಟು "ನನ್ನ ಧಾಟಿ ಇದು" ಅಂದ್ರೆ ಇನ್ನೂ ವಾಸಿ.

ಕೆಲವು ಪದಗುಚ್ಛ ಬಂತು ಅಂದ್ರೆ ಇದು ಎಐ ಗೀಚಿದ್ದು ಅಂತ ಜನರಿಗೆ ತಕ್ಷಣ ವಾಸನೆ ಹೊಡೆಯತ್ತೆ. "ಮಹತ್ವದ ಪಾತ್ರ ವಹಿಸುತ್ತದೆ", "ಎಂಬುದನ್ನು ಗಮನಿಸುವುದು ಮುಖ್ಯ", "ಇದು ಕೇವಲ ಊಟವಲ್ಲ, ಒಂದು ಅನುಭವ", ಎಲ್ಲದಕ್ಕೂ "ಮಾಡಲಾಗಿದೆ, ಹೇಳಲಾಗುತ್ತದೆ", ಎರಡು ಕ್ರಿಯೆ ಸೇರಿಸೋಕೆಲ್ಲ "ಮತ್ತು". ನಾವು "ಬಸ್ಸಿಂದಿಳಿದು ಟೀ ಕುಡಿದು ಮನೆಗೆ ಹೋದೆ" ಅಂತೀವಿ, ಅದು "ಬಸ್ಸಿನಿಂದ ಇಳಿದೆ, ಚಹಾ ಸೇವಿಸಿದೆ ಮತ್ತು ಮನೆಗೆ ತೆರಳಿದೆ" ಅನ್ನತ್ತೆ. ಇಂಥವನ್ನ ಒಂದು ನೋಟಲ್ಲಿ ಬರೆದಿಟ್ಕೊಂಡು "ಇವನ್ನ ಬಳಸಬೇಡ" ಅಂತ ಸೆಟ್ಟಿಂಗ್ಸ್ ಒಳಗಿನ ಕಸ್ಟಮ್ ಇನ್‌ಸ್ಟ್ರಕ್ಷನ್ಸ್ ಜಾಗದಲ್ಲಿ ಹಾಕಿಬಿಡಿ, ಪ್ರತಿ ಸಲ ಹೇಳೋ ಕೆಲಸ ಇರಲ್ಲ. ಪೂರ್ತಿ ಕೇಳತ್ತೆ ಅಂತೇನಿಲ್ಲ, ಕಮ್ಮಿ ಆಗತ್ತೆ.

ಒಂದು ವಾಕ್ಯ ಎಷ್ಟು ಒದ್ದಾಡಿದ್ರೂ ಸರಿ ಬರ್ತಿಲ್ಲ ಅಂದಾಗ ಮಾತ್ರ ಅದೊಂದೇ ವಾಕ್ಯ ಕೊಟ್ಟು ಐದಾರು ಥರ ಬರೆದು ತೋರಿಸು ಅನ್ನಿ. ಯಾವುದೂ ಇಷ್ಟ ಆಗಲ್ಲ, ಆದ್ರೆ ಯಾಕೆ ಇಷ್ಟ ಆಗಲಿಲ್ಲ ಅಂತ ಯೋಚಿಸೋ ಹೊತ್ತಿಗೆ ನಿಮ್ಮದೇ ಏಳನೇದು ಹೊಳೆಯತ್ತೆ.

ಕೊನೇದು ಕಾಗುಣಿತ. ಇದ್ರಲ್ಲಿ ಪರವಾಗಿಲ್ಲ, ಚೆನ್ನಾಗೇ ಮಾಡತ್ತೆ, ಲ-ಳ, ಶ-ಷ, ಅಲ್ಪಪ್ರಾಣ-ಮಹಾಪ್ರಾಣ, ಅ-ಹ ಅದಲುಬದಲು ಎಲ್ಲ ಹಿಡಿಯತ್ತೆ. ಆದ್ರೆ ತಿದ್ದಿದ ಪೂರ್ತಿ ಪಠ್ಯ ಕೇಳಬೇಡಿ, "ತಪ್ಪು ಪದ, ಸರಿ ಪದ, ಯಾವ ಸಾಲು, ಪಟ್ಟಿ ಮಾತ್ರ ಕೊಡು" ಅನ್ನಿ, ಯಾಕಂದ್ರೆ ಪೂರ್ತಿ ಕೊಟ್ಟಾಗ ಹೇಳದೇ ಕೇಳದೇ ಅಲ್ಲೊಂದು ಇಲ್ಲೊಂದು ಪದ ಬದಲಾಯಿಸಿರತ್ತೆ, ಕೆಲವು ಸಲ ಒಂದು ವಾಕ್ಯಾನೇ ನುಂಗಿರತ್ತೆ. ಪೂರ್ತಿ ಪಠ್ಯ ತಗೊಂಡಿದ್ರೆ ಹಳೇದು ಹೊಸದು ಎರಡನ್ನೂ ಪಕ್ಕ ಇಟ್ಟು ನೋಡಿ, ವರ್ಡ್‌ನಲ್ಲಿ ರಿವ್ಯೂ ಟ್ಯಾಬಲ್ಲಿ ಕಂಪೇರ್ ಇದೆ, ಗೂಗಲ್ ಡಾಕ್ಸಲ್ಲಿ ಟೂಲ್ಸ್ ಮೆನು ಒಳಗೆ ಕಂಪೇರ್ ಡಾಕ್ಯುಮೆಂಟ್ಸ್ ಇದೆ, ಏನೇನು ಬದಲಾಗಿದೆ ಅಂತ ಬಣ್ಣ ಹಾಕಿ ತೋರಿಸತ್ತೆ.

ಪದ್ಯ ಬರೆಯೋರಿಗೆ ಒಂದು ಮಾತು, ಮಾತ್ರೆ ಎಣಿಸೋಕೆ ಇದನ್ನ ನಂಬಬೇಡಿ. ಭಾಮಿನೀ ಷಟ್ಪದಿ 3-4-3-4ರಲ್ಲಿ ಕೂತಿದೆಯಾ ಅಂದ್ರೆ ಧೈರ್ಯವಾಗಿ ಕೂತಿದೆ ಅನ್ನತ್ತೆ, ನೀವು ಲಘು ಗುರು ಹಾಕಿ ನೋಡಿದ್ರೆ ಎಲ್ಲೋ ಒಂದು ಮಾತ್ರೆ ತಪ್ಪಿರತ್ತೆ. ವಚನ ಕೋಟ್ ಮಾಡೋರೂ ಹುಷಾರು: ಕೊನೇಲಿ 'ಕೂಡಲಸಂಗಮದೇವ' ಇದ್ರೆ ಬಸವಣ್ಣ, 'ಗುಹೇಶ್ವರ' ಇದ್ರೆ ಅಲ್ಲಮ ಅನ್ನೋದು ಅದಕ್ಕೂ ಗೊತ್ತು, ಅದಕ್ಕೇ ತಾನೇ ನಾಲ್ಕು ಸಾಲು ಹೊಸೆದು ಅಂಕಿತ ಅಂಟಿಸಿ ಕೊಟ್ಟುಬಿಡತ್ತೆ, ಓದೋಕೆ ವಚನದ ಹಾಗೇ ಇರತ್ತೆ. ವಚನ ಸಂಚಯದ ಸೈಟಲ್ಲಿ ಒಂದು ಸಾಲು ಹಾಕಿ ಹುಡುಕಿ, ಅಲ್ಲಿ ಸಿಗದೇ ಇದ್ರೆ ಬಳಸಬೇಡಿ. ಇಸವಿ, ಹೆಸರು, ಕಾನೂನಿನ ಸೆಕ್ಷನ್ನು ಎಲ್ಲದಕ್ಕೂ ಇದೇ.

ಈಗ ಅರ್ಜಿ ವಿಷಯ. ಇಲ್ಲಿ ಧಾಟಿ ಗೀಟಿ ಏನೂ ಬೇಡ, ಪೆನ್ನು ಅದಕ್ಕೇ ಕೊಡಬೋದು. ಮಾಹಿತಿ ಹಕ್ಕು ಅರ್ಜಿ ತಗೊಳ್ಳಿ. 2005ರ ಕಾಯ್ದೆ ಪ್ರಕಾರ ನೀವು ಕೇಳಬೇಕಾದ್ದು ಕಚೇರೀಲಿರೋ ದಾಖಲೆ, "ನಮ್ಮ ಬೀದಿ ರಸ್ತೆ ಯಾಕೆ ಮೂರೇ ತಿಂಗಳಿಗೆ ಕಿತ್ತುಹೋಯ್ತು, ಯಾರು ದುಡ್ಡು ತಿಂದ್ರು" ಅಂತ ಕೇಳಿದ್ರೆ ಅದು ಮಾಹಿತಿ ಅಲ್ಲ ಅಂತ ವಾಪಸ್ ಬರತ್ತೆ. ಜೊತೆಗೆ ಕರ್ನಾಟಕದ ನಿಯಮದಲ್ಲಿ ಒಂದು ಅರ್ಜೀಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಸಿಟ್ಟಲ್ಲಿ ಬರೆದ ಎರಡು ಪುಟದ ಡ್ರಾಫ್ಟನ್ನ ಇಲ್ಲಿಗೆ ತರೋದಕ್ಕೆ ಎಐ ಹೇಳಿ ಮಾಡಿಸಿದ ಹಾಗಿದೆ:

"ಇದು ಗ್ರಾಮ ಪಂಚಾಯಿತಿಗೆ ಮಾಹಿತಿ ಹಕ್ಕು ಅರ್ಜಿ. ಆರೋಪ, ಯಾಕೆ ಅನ್ನೋ ಪ್ರಶ್ನೆ ಎಲ್ಲ ತೆಗೆದು, ಅದಕ್ಕೆ ಬದಲು ಯಾವ ದಾಖಲೆಗಳ ಪ್ರತಿ ಕೇಳಬೇಕು ಅಂತ ಸೂಚಿಸು. ಒಂದೇ ವಿಷಯ, 140 ಪದದೊಳಗೆ, ಕಚೇರಿ ಕನ್ನಡ. ನಾನು ಕೊಡದ ದಿನಾಂಕ, ಹೆಸರು, ಮೊತ್ತ ಸೇರಿಸಬೇಡ, ಜಾಗ ಖಾಲಿ ಬಿಡು."

ಆಗ ಅಂದಾಜು ಪಟ್ಟಿ, ಟೆಂಡರ್ ದಾಖಲೆ, ಕಾಮಗಾರಿ ಆದೇಶ, ಅಳತೆ ಪುಸ್ತಕ, ಬಿಲ್ ಪಾವತಿ ವಿವರ ಅಂತ ಸಾಲಾಗಿ ಬರತ್ತೆ, ಅದನ್ನ ಕೇಳಿದ್ರೆ ನಿಮ್ಮ ಸಿಟ್ಟಿಗೂ ಉತ್ತರ ಅದ್ರಲ್ಲೇ ಇರತ್ತೆ. 140 ಅಂತ ಯಾಕೆ ಹೇಳಿದ್ದು ಅಂದ್ರೆ ಪದ ಎಣಿಸೋದ್ರಲ್ಲಿ ಇವು ದಡ್ಡ, 150 ಅಂದ್ರೆ 170 ಬರೆದು 148 ಇದೆ ಅಂತಾನೂ ಹೇಳ್ತವೆ, ವರ್ಡಲ್ಲಿ ಹಾಕಿ ನೀವೇ ಎಣಿಸಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಅನ್ನೋದನ್ನ ಮಾತ್ರ ಅದು ಸಾಮಾನ್ಯವಾಗಿ ಸರಿಯಾಗೇ ಹೇಳತ್ತೆ ಬಿಡಿ.

ಅರ್ಜಿ ಪೇಸ್ಟ್ ಮಾಡೋ ಮುಂಚೆ ಆಧಾರ್ ನಂಬರು, ಫೋನು, ಸರ್ವೆ ನಂಬರು, ಬ್ಯಾಂಕ್ ಅಕೌಂಟು ತೆಗೆದು ಅಲ್ಲಿ ಕಖಗ ಅಂತ ಹಾಕಿ, ಕೊನೇಲಿ ಪ್ರಿಂಟ್ ತೆಗೆಯೋವಾಗ ನೀವೇ ತುಂಬಿ. ಬೇರೆಯವರ ಬಗ್ಗೆ ಬರೆದ ಖಾಸಗಿ ವಿಷಯಕ್ಕೂ ಅಷ್ಟೇ. ನಿಮ್ಮ ಚಾಟನ್ನ ಎಐ ತರಬೇತಿಗೆ ಬಳಸಬೇಡಿ ಅನ್ನೋ ಆಯ್ಕೆ ಈ ಆಪ್‌ಗಳಲ್ಲಿ ಹೆಚ್ಚಿನವುಗಳ ಸೆಟ್ಟಿಂಗಲ್ಲಿ, ಸಾಮಾನ್ಯವಾಗಿ ಡೇಟಾ ಅಥ್ವಾ ಪ್ರೈವಸಿ ಅನ್ನೋ ಕಡೆ ಇರತ್ತೆ, ಮೊದಲ ದಿನವೇ ಹೋಗಿ ನೋಡಿ. ಅಚ್ಚಾಗದ ಕತೆ ಆದ್ರಂತೂ ಇದು ಬೇಕೇ ಬೇಕು.

ಕತೆ, ಕವನ ಸ್ಪರ್ಧೆಗೆ ಹೋಗ್ತಿದ್ರೆ ನಿಯಮದಲ್ಲಿ ಎಐ ಬಗ್ಗೆ ಏನು ಬರೆದಿದಾರೆ ಓದಿ. ಏನೂ ಬರೆದಿಲ್ಲ ಅಂದ್ರೆ ಒಂದು ಮೇಲ್ ಹಾಕಿ ನೇರವಾಗಿ ಕೇಳಿ: ಕತೆ ನನ್ನದೇ, ಕಾಗುಣಿತ ಮತ್ತೆ ಪುನರುಕ್ತಿ ಹುಡುಕೋಕೆ ಮಾತ್ರ ಎಐ ಬಳಸಿದೀನಿ, ಇದು ನಡೆಯತ್ತಾ ಅಂತ. ಉತ್ತರ ಬರೋವರೆಗೂ ನಿಮ್ಮ ಮೊದಲ ಡ್ರಾಫ್ಟ್ ಫೈಲನ್ನ ಡಿಲೀಟ್ ಮಾಡಬೇಡಿ, ಯಾರಾದ್ರೂ ಕೇಳಿದ್ರೆ ತೋರಿಸೋಕೆ ಅದೊಂದೇ ಇರೋದು.