ಗಂಗಾವತಿ ಬಿಡದೆ ಸಪ್ಲೈ ಚೈನ್‌ನಲ್ಲಿ ನೆಲೆಯೂರಿದ ನನ್ನ ಅನುಭವ

ಎಂಬಿಎ ಮಾಡದೆ, ಬೆಂಗಳೂರಿಗೆ ಹೋಗದೆ ಸಪ್ಲೈ ಚೈನ್, ಅಂದರೆ ಸರಕು ಪೂರೈಕೆ ಮತ್ತು ಸಾಗಣೆಯ ಕ್ಷೇತ್ರದಲ್ಲಿ ಮೇಲೆ ಬರಲಾಗದು ಎಂದು ನನಗೆ ಬುದ್ಧಿ ಹೇಳದವರು ಗಂಗಾವತಿ, ಕಾರಟಗಿ ಭಾಗದಲ್ಲಿ ಕಡಿಮೆ. ಇಂದು ನಾಲ್ಕು ರೈಸ್ ಮಿಲ್ಲುಗಳ ರವಾನೆಯ ಪೂರ್ಣ ಹೊಣೆ ನನ್ನದಾಗಿದೆ. ಸುಗ್ಗಿಯ ತಿಂಗಳುಗಳಲ್ಲಿ ನನ್ನ ಗಳಿಕೆ ಬೆಂಗಳೂರಿನ ಲಾಜಿಸ್ಟಿಕ್ಸ್ ಮ್ಯಾನೇಜರುಗಳ ಸಂಬಳಕ್ಕೆ ಕಡಿಮೆಯೇನಿಲ್ಲ, ಮೇಲಾಗಿ ಮನೆ ಬಾಡಿಗೆಯ ಖರ್ಚಿಲ್ಲ.

ಬಿ.ಕಾಂ. ಮುಗಿಸಿ ಒಂದು ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ವೇಬ್ರಿಡ್ಜಿನ ಗುಮಾಸ್ತನಾಗಿ ಸೇರಿದಾಗ ಸಂಬಳ ಸುಮಾರು 9 ಸಾವಿರ ಇತ್ತು. ಸೋದರಮಾವನಿಂದ ಸಾಲ ಪಡೆದು 70 ಸಾವಿರದಷ್ಟು ಕೊಟ್ಟು ಒಂದು ಆನ್‌ಲೈನ್ ಡಿಪ್ಲೊಮಾ ಮಾಡಿದೆ. ಕಂಟೇನರು, ಬಂದರು, ದಾಸ್ತಾನು ಸೂತ್ರಗಳನ್ನೆಲ್ಲ ಅಲ್ಲಿ ಕಲಿಸಿದರು. ಸಂದರ್ಶನಕ್ಕೆ ಹೋದಲ್ಲೆಲ್ಲ ಸ್ಯಾಪ್ (ದೊಡ್ಡ ಕಂಪನಿಗಳು ಬಳಸುವ ಲೆಕ್ಕ, ದಾಸ್ತಾನಿನ ಸಾಫ್ಟ್‌ವೇರ್) ಬರುತ್ತದೆಯೇ ಎಂದು ಕೇಳಿ ವಾಪಸು ಕಳಿಸಿದರು. ಅನಂತರ ಮಿಲ್ಲಿನ ಮಾಲೀಕರನ್ನು ಒಪ್ಪಿಸಿ ಲಾರಿಗಳಿಗೆ ಜಿಪಿಎಸ್ ಹಾಕಿಸಿದ್ದಕ್ಕೆ ಹತ್ತಿರ ಹತ್ತಿರ ಒಂದು ಲಕ್ಷ ಖರ್ಚಾಯಿತು. ಕೆಲವು ಚಾಲಕರು ವೈರು ಕಿತ್ತಿಟ್ಟರು. ಕೀಳದವರ ಲಾರಿಗಳಿಂದಲೂ ಹೆಚ್ಚಿನ ಪ್ರಯೋಜನವಾಗಲಿಲ್ಲ, ಏಕೆಂದರೆ ನಮ್ಮ ನಷ್ಟ ಹೆದ್ದಾರಿಯಲ್ಲಿ ಆಗುತ್ತಿರಲಿಲ್ಲ, ನಮ್ಮದೇ ಗೇಟಿನೊಳಗೆ ಆಗುತ್ತಿತ್ತು.

ಇದು ತಿಳಿದದ್ದು 200 ಪುಟದ ಒಂದು ನೋಟ್‌ಬುಕ್ಕಿನಿಂದ. ಲಾರಿ ಗೇಟು ದಾಟಿದ್ದು, ಖಾಲಿ ತೂಕ, ಲೋಡಿಂಗ್ ಶುರು, ಲೋಡಿಂಗ್ ಮುಗಿದದ್ದು, ತುಂಬಿದ ತೂಕ, ಬಿಲ್ ಕೈಸೇರಿದ್ದು, ಹೊರಬಿದ್ದದ್ದು ಎಂಬ ಏಳು ಸಮಯಗಳನ್ನು ಒಂದು ಸುಗ್ಗಿಯುದ್ದಕ್ಕೂ ಬರೆದೆ. ಹತ್ತು ಚಕ್ರದ ಲಾರಿಗೆ 18 ಟನ್ ತುಂಬಲು ಹಮಾಲರಿಗೆ ಎರಡೂವರೆ ಗಂಟೆ ಸಾಕಾಗುತ್ತಿದ್ದರೂ ಲಾರಿ ಒಳಗೆ ಹತ್ತು ಹನ್ನೊಂದು ಗಂಟೆ ನಿಂತಿರುತ್ತಿತ್ತು. ಲಾರಿ ಹೊಂದಿಸಿಕೊಡುವ ಬ್ರೋಕರುಗಳು ಎಲ್ಲ ಲಾರಿಗಳನ್ನೂ ಬೆಳಿಗ್ಗೆಯೇ ತಂದು ನಿಲ್ಲಿಸುತ್ತಿದ್ದರು, ನಮ್ಮ ಆಫೀಸಿನವರು ಎಲ್ಲ ಬಿಲ್ಲುಗಳನ್ನೂ ಸಂಜೆಯೇ ಹೊಡೆಯುತ್ತಿದ್ದರು.

ಬಾಡಿಗೆಯ ದರದ ಮೇಲೆ ಜಗ್ಗಾಡುವುದನ್ನು ಬಿಟ್ಟು, ಪ್ರತಿ ಲಾರಿಗೂ ಲೋಡಿಂಗ್ ಸಮಯ ನಿಗದಿಪಡಿಸೋಣ ಎಂದಾಗ ಮಾಲೀಕರು ನಕ್ಕರು. ಬ್ರೋಕರುಗಳಂತೂ ಇದು ಅಕ್ಕಿ ವ್ಯಾಪಾರವೋ ವಿಮಾನ ನಿಲ್ದಾಣವೋ ಎಂದು ಹಂಗಿಸಿದರು. ನನ್ನ ವಾದ ಸರಳವಾಗಿತ್ತು. ನಾಲ್ಕು ಗಂಟೆಯಲ್ಲಿ ಹೊರಬಿದ್ದ ಲಾರಿ ತಿಂಗಳಿಗೆ ಬೆಂಗಳೂರಿಗೆ ಆರರ ಬದಲು ಎಂಟು ಟ್ರಿಪ್ ಹೊಡೆಯುತ್ತದೆ, ಆ ಲಾಭವನ್ನು ಕಂಡ ಲಾರಿ ಮಾಲೀಕ ಟನ್ನಿಗೆ ನೂರು ರೂಪಾಯಿ ತಾನಾಗಿಯೇ ಇಳಿಸುತ್ತಾನೆ. ಮೊದಲ ವರ್ಷ ಯಾರೂ ಇಳಿಸಲಿಲ್ಲ. ಸಮಯಕ್ಕೆ ಬಂದ ಲಾರಿಗೂ ಬಾಡಿಗೆಯ ಬಾಕಿ ಒಂದೂವರೆ ತಿಂಗಳ ನಂತರ ಸಿಗುತ್ತಿದ್ದರೆ ಅವನಾದರೂ ಏಕೆ ಇಳಿಸಬೇಕು? ಅನ್‌ಲೋಡಿಂಗ್ ರಸೀದಿಯ ಫೋಟೊ ವಾಟ್ಸ್‌ಆ್ಯಪಿಗೆ ಬಂದ ನಾಲ್ಕೈದು ದಿನಗಳಲ್ಲಿ ಬಾಕಿ ಕೊಡುವ ವ್ಯವಸ್ಥೆಯಾದ ಮೇಲೆ ದರ ಟನ್ನಿಗೆ 110ರಿಂದ 130 ರೂಪಾಯಿಯವರೆಗೆ ಇಳಿಯಿತು. ದಿನಕ್ಕೆ ಸುಮಾರು 65 ಟನ್ ಕಳಿಸುವ ಮಿಲ್ಲಿಗೆ ತಿಂಗಳಿಗೆ ಎರಡು ಲಕ್ಷದ ಆಸುಪಾಸು ಉಳಿಯಿತು. ಆ ಬಾಕಿಯ ಹಣವನ್ನು ಎಲ್ಲಿಂದ ಹೊಂದಿಸಿದೆ, ತಡವಾಗಿ ಬಂದ ಲಾರಿಯ ಮಾಲೀಕನೊಂದಿಗೆ ಏನು ಕರಾರು ಮಾಡಿಕೊಂಡಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಹೊಟ್ಟೆಪಾಡು ಅದರಲ್ಲಿದೆ.

ರಿಟರ್ನ್ ಲೋಡಿನ ಪ್ರಯೋಗಕ್ಕೂ ಕೈಹಾಕಿದ್ದೆ. ಅಕ್ಕಿ ಇಳಿಸಿದ ಲಾರಿ ಬರುವಾಗ ಗೊಬ್ಬರ ತಂದರೆ ಎರಡೂ ಕಡೆಯ ಬಾಡಿಗೆ ಸಿಗುತ್ತದೆ. ಆದರೆ ಗೊಬ್ಬರ ಇಳಿಸಿದ ಲಾರಿಯ ಹಲಗೆಗಳ ಸಂದಿನಲ್ಲಿ ಕಾಳು ಉಳಿಯುತ್ತವೆ, ಗುಡಿಸಿದರೂ ವಾಸನೆ ಹೋಗುವುದಿಲ್ಲ. ಒಮ್ಮೆ ಬೆಂಗಳೂರಿನ ವರ್ತಕರೊಬ್ಬರು ಮೇಲಿನ ಚೀಲವೊಂದನ್ನು ಬಿಚ್ಚಿ, ಒಂದು ಹಿಡಿ ಸೋನಾ ಮಸೂರಿಯನ್ನು ಮೂಗಿಗೆ ಹಿಡಿದು, ಇಡೀ ಲೋಡನ್ನು ತಿರುಗಿಸಿ ಕಳಿಸಿದರು. ಹೋಗುವ ಬರುವ ಬಾಡಿಗೆ, ಹಮಾಲಿ ಎಲ್ಲ ಸೇರಿ 40 ಸಾವಿರ ಹೋಯಿತು. ಈಗ ಲಾರಿಗಳಿಗೆ ಕಿರಾಣಿ, ಹಾರ್ಡ್‌ವೇರ್ ಸಾಮಾನು ಮಾತ್ರ ಕೊಡಿಸುತ್ತೇನೆ.

2022ರ ಜುಲೈ 18ರಿಂದ 25 ಕೆಜಿವರೆಗಿನ ಲೇಬಲ್ ಹಚ್ಚಿದ ಅಕ್ಕಿ ಚೀಲಕ್ಕೆ ಶೇ. 5 ಜಿಎಸ್‌ಟಿ ಬಂದಾಗ ಅನೇಕರು 26 ಕೆಜಿ ಚೀಲಕ್ಕೆ ತಿರುಗಿದ್ದು ನಿಮಗೆಲ್ಲ ಗೊತ್ತೇ ಇದೆ. ಅದಕ್ಕೆ ತೆರಿಗೆಯಿಲ್ಲ, ಸರಕು ಸಾಗಿಸಲು ಆನ್‌ಲೈನಿನಲ್ಲಿ ಪಡೆಯುವ ಇ-ವೇ ಬಿಲ್ಲಿನ ಅಗತ್ಯವೂ ಇಲ್ಲ. ತೆರಿಗೆಯ ಲೆಕ್ಕವನ್ನು ಎಲ್ಲರೂ ಹಾಕಿದರು, ನಾನು ಗೇಟಿನ ಲೆಕ್ಕವನ್ನೂ ಹಾಕಿದೆ. ಇ-ವೇ ಬಿಲ್ಲಿಗಾಗಿ ಕಾಯಬೇಕಿಲ್ಲದ 26 ಕೆಜಿ ಲೋಡುಗಳನ್ನು ರಾತ್ರಿಯ ಸರದಿಗೆ ಹಾಕಿ, 25 ಕೆಜಿಯವನ್ನು ಆಫೀಸು ತೆರೆದಿರುವ ಹೊತ್ತಿಗೆ ಇಟ್ಟೆ. ಹೆಚ್ಚಿದ ಒಂದು ಕೆಜಿಗೆ ಹಮಾಲರು ಚೀಲಕ್ಕಿಷ್ಟು ಎಂದು ಹೆಚ್ಚು ಕೇಳಿದ್ದು ನ್ಯಾಯವೇ ಆಗಿತ್ತು, ಕೊಟ್ಟೆವು.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ಈ ಸಲ ಭತ್ತವೇ ಇಲ್ಲ ಎಂದು ಬ್ರೋಕರುಗಳು ಲಾರಿಗಳನ್ನು ಬೇರೆ ಕಡೆಗೆ ಕಳಿಸತೊಡಗಿದರು. ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಕೂತು ನೀರು ನಿಂತ ಸುದ್ದಿ ಬಂದ ವಾರದಲ್ಲೇ ನಾನು ಲಾರಿ ಮಾಲೀಕರ ಮನೆಗಳಿಗೆ ಹೋಗಿ ಸುಗ್ಗಿಯ ದರಕ್ಕೆ ಬರಹದ ಒಪ್ಪಂದ ಮಾಡಿಕೊಂಡೆ. ಕೊಯ್ಲಿನ ಹೊತ್ತಿಗೆ ಉಳಿದವರು ಹೆಚ್ಚು ದರ ಕೊಟ್ಟು ಲಾರಿ ಹುಡುಕುತ್ತಿದ್ದರು. ಪಕ್ಕದ ಮಿಲ್ಲುಗಳವರು ನನ್ನನ್ನು ಕರೆದದ್ದು ಅದರ ಮರುತಿಂಗಳು. ಆಗ ಸಂಬಳದ ಬದಲು ಟನ್ನಿನ ಲೆಕ್ಕದಲ್ಲಿ ಹಣ ಕೊಡಿ ಎಂದು ಕೇಳಿದ್ದು ನನ್ನ ವೃತ್ತಿಯಲ್ಲಿ ಕೈಗೊಂಡ ಅತ್ಯಂತ ಲಾಭದ ನಿರ್ಧಾರ.

ರೈಲು ಸಿಂಧನೂರಿನವರೆಗೆ ಬಂದ ಮೇಲೆ ರೇಕ್, ಅಂದರೆ ಇಡೀ ಗೂಡ್ಸ್ ರೈಲು ತುಂಬುವ ಲೆಕ್ಕವನ್ನೂ ಹಾಕಿ ನೋಡಿದೆ. ನಾಲ್ಕು ಮಿಲ್ಲು ಸೇರಿದರೂ 2,500 ಟನ್ ಒಂದೇ ಸಲಕ್ಕೆ ಒಂದೇ ಊರಿಗೆ ಹೊಂದುವುದಿಲ್ಲ. ಎರಡೂ ತುದಿಯಲ್ಲಿ ಮತ್ತೊಮ್ಮೆ ಹಮಾಲಿ ಕೊಡಬೇಕಾಗುವುದರಿಂದ ಬಾಡಿಗೆಯ ಉಳಿತಾಯ ಅಲ್ಲಿಗೇ ಸರಿಹೋಗುತ್ತದೆ. ಸದ್ಯಕ್ಕೆ ಆ ಕಡತ ಮುಚ್ಚಿಟ್ಟಿದ್ದೇನೆ.

ಈ ವರ್ಷ ಇಬ್ಬರು ಹುಡುಗರನ್ನು ಕೆಲಸಕ್ಕೆ ಆರಿಸಿದ್ದೇನೆ. ಇಬ್ಬರಿಗೂ ಎಕ್ಸೆಲ್ ನನಗಿಂತ ಚೆನ್ನಾಗಿ ಬರುತ್ತದೆ. 14 ಸಾವಿರ ಸಂಬಳ, ಊಟ ಮಿಲ್ಲಿನದು; ಮೊದಲ ಮೂರು ತಿಂಗಳು ಲ್ಯಾಪ್‌ಟಾಪ್ ಮುಟ್ಟದೆ ವೇಬ್ರಿಡ್ಜಿನ ಪಕ್ಕದಲ್ಲೇ ಕೂರಬೇಕು ಎಂಬ ಷರತ್ತಿಗೆ ಒಬ್ಬ ಒಪ್ಪಿದ್ದಾನೆ, ಇನ್ನೊಬ್ಬ ಇನ್ನೂ ಯೋಚಿಸುತ್ತಿದ್ದಾನೆ.