ಓವರ್‌ಟೈಮ್ ನಂಬಿ ಮನೆ ನಡೆಸಿದ ಕಥೆ

ನಾನು ಹದಿನಾಲ್ಕು ವರ್ಷದಿಂದ ಆಂಬುಲೆನ್ಸ್‌ನಲ್ಲಿದ್ದೇನೆ. ಸರ್ಕಾರಿ ಕೆಲಸ, ತಿಂಗಳಾದರೆ ಸಂಬಳ, ನಿನಗೇನಪ್ಪಾ ಕಷ್ಟ ಅಂತ ಎಲ್ಲರೂ ಕೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ, ಸ್ಟ್ರೆಚರ್ ಎತ್ತುವಾಗ ಸೊಂಟ ಹಿಡಿದುಕೊಂಡು ಏಳು ವಾರ ಮಲಗುವವರೆಗೆ.

ರಜೆಯಲ್ಲೂ ಮೂಲ ಸಂಬಳ ಬಂತು. ಬರದೇ ಹೋದದ್ದು ರಾತ್ರಿ ಪಾಳಿ ಭತ್ಯೆ ಮತ್ತು ಓವರ್‌ಟೈಮ್. ಆಗಲೇ ಮೊದಲ ಸಲ ಪೇ ಸ್ಲಿಪ್ ಪೂರ್ತಿ ಓದಿದ್ದು (ಅಲ್ಲಿವರೆಗೂ ಕೊನೆಯ ಸಾಲು ಮಾತ್ರ ನೋಡುತ್ತಿದ್ದೆ). ಕೈಗೆ ಬರುತ್ತಿದ್ದ ದುಡ್ಡಿನಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಒಂದು ಪಾಲು ಅದೇ! ಬಾಡಿಗೆ, ಗಾಡಿ ಕಂತು, ಎಲ್ಲವನ್ನೂ ಅದನ್ನು ಸೇರಿಸಿಯೇ ಲೆಕ್ಕ ಹಾಕಿದ್ದೆ. ಅಂದ್ರೆ ನನ್ನ ಮೈ ಯಾವತ್ತೂ ಕೆಡಬಾರದು ಅನ್ನುವ ಲೆಕ್ಕ.

ಆ ಏಳು ವಾರ ಕ್ರೆಡಿಟ್ ಕಾರ್ಡ್ ಉಜ್ಜಿದೆ. ಆಮೇಲೆ ತಿಂಗಳು ತಿಂಗಳು ಕನಿಷ್ಠ ಮೊತ್ತ ಕಟ್ಟುತ್ತಾ, ಕಟ್ಟುತ್ತಿದ್ದೇನಲ್ಲ ಅಂತ ಸಮಾಧಾನ ಮಾಡಿಕೊಂಡೆ. ಬಡ್ಡಿ ತಿಂಗಳಿಗೆ ಶೇ 3, ಕನಿಷ್ಠ ಮೊತ್ತ ಶೇ 5. ನೂರು ಸಾಲಕ್ಕೆ ಐದು ಕಟ್ಟಿದರೆ ಮೂರು ಬಡ್ಡಿಗೇ ಹೋಯಿತು, ಅಸಲು ಇಳಿದದ್ದು ಎರಡೇ. ಏನೂ ಕಟ್ಟದಿದ್ದರೆ ವರ್ಷದಲ್ಲಿ ಆ ನೂರು 142 ದಾಟುತ್ತದೆ.

ದುಡ್ಡಿಗಿಂತ ಜಾಸ್ತಿ ಕಾಡಿದ್ದು ತಲೆ. ಒಂದು ರಾತ್ರಿ ಔಷಧದ ಲೇಬಲ್ ಮೂರು ಸಲ ಓದಿದರೂ ಒಳಗೆ ಹೋಗಲಿಲ್ಲ. ತಪ್ಪೇನೂ ಆಗಲಿಲ್ಲ, ಆದರೆ ಅವತ್ತು ಹೆದರಿದೆ. 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಕಬ್ಬು ಬೆಳೆಗಾರರ ಮೇಲಿನ ಒಂದು ಅಧ್ಯಯನ ಬಂದಿತ್ತು. ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗ ಬುದ್ಧಿ ಪರೀಕ್ಷೆಯಲ್ಲಿ ಹಿಂದೆ ಬಿದ್ದವರು, ದುಡ್ಡು ಬಂದ ಮೇಲೆ ಅದೇ ಥರದ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದ್ದರು. ಓದಿದಾಗ ನನ್ನದೇ ಕಥೆ ಅನಿಸಿತು.

ಮನೆಯಲ್ಲಿ ಹೆಂಡತಿಗೆ ಎಲ್ಲಾ ಹೇಳಿದೆ, ಅದೇ ಎಲ್ಲಕ್ಕಿಂತ ಕಷ್ಟವಾದದ್ದು. ಇಬ್ಬರೂ ಕೂತು ಖರ್ಚನ್ನು ಮೂಲ ಸಂಬಳದೊಳಗೆ ತಂದೆವು, ಅದಕ್ಕೆ ಗಾಡಿ ಮಾರಬೇಕಾಯಿತು. ಓವರ್‌ಟೈಮ್ ದುಡ್ಡು ಬಂದ ದಿನವೇ ಬೇರೆ ಖಾತೆಗೆ. ಮೊದಲು ಕಾರ್ಡ್ ಸಾಲಕ್ಕೆ, ಅದು ತೀರಿದ ಮೇಲೆ ಉಳಿತಾಯಕ್ಕೆ. ಸಾಲ ತೀರಲು 22 ತಿಂಗಳು ಹಿಡಿಯಿತು. ಈ ನಡುವೆ ಇಬ್ಬರು ಜಾಮೀನು ಹಾಕು ಅಂತ ಬಂದರು, ಕೆಲಸ ಪಕ್ಕಾ ಇರುವವರ ಹತ್ತಿರವೇ ಬರುತ್ತಾರೆ ಅಲ್ವಾ, ಇಬ್ಬರಿಗೂ ಆಗಲ್ಲ ಅಂದೆ. ಒಬ್ಬ ಈಗಲೂ ಮಾತಾಡಲ್ಲ.

ಆರು ತಿಂಗಳ ಸಂಬಳ ಎತ್ತಿಡಿ ಅಂತ ಎಲ್ಲ ಕಡೆ ಹೇಳುತ್ತಾರೆ. ಅದನ್ನು ಕೇಳಿಯೇ ಕೈಚೆಲ್ಲುವಂತಾಗುತ್ತದೆ. ನಮ್ಮಂಥವರಿಗೆ ಕೆಲಸ ಹೋಗುವುದು ಕಡಿಮೆ, ನಿಲ್ಲುವುದು ಭತ್ಯೆ. ಹಾಗಾಗಿ ನಾನು ಆರು ತಿಂಗಳ ಭತ್ಯೆಯಷ್ಟು ಮಾತ್ರ ಗುರಿ ಇಟ್ಟುಕೊಂಡೆ. ಅದು ಮುಟ್ಟುವಂಥದ್ದು, ಮುಟ್ಟಿದೆ ಕೂಡ.

ಹೋದ ತಿಂಗಳು ಮತ್ತೆ ಸೊಂಟ ಸ್ವಲ್ಪ ಹಿಡಿಯಿತು. ಎರಡು ಎಕ್ಸ್‌ಟ್ರಾ ಡ್ಯೂಟಿ ಬೇಡ ಅಂದು ಮನೆಗೆ ಹೋಗಿ ಮಲಗಿದೆ.