ಮೈತೂಕ ಇಳಿಯಲಿ, ಡಂಬೆಲ್ ತೂಕ ಇಳಿಯದಿರಲಿ

ಬೊಜ್ಜು ಕರಗಿಸಲು ಹೊರಟವರಲ್ಲಿ ಬಹಳ ಮಂದಿ ಜಿಮ್‌ನಲ್ಲಿ ಮಾಡುವ ಮೊದಲ ತಪ್ಪು, ಭಾರದ ಡಂಬೆಲ್ ಕೆಳಗಿಟ್ಟು ಹಗುರವಾದದ್ದನ್ನು ಮೂವತ್ತು ಸಲ ಎತ್ತುವುದು. ಹೆಚ್ಚು ಸಲ ಎತ್ತಿದರೆ ಕೊಬ್ಬು ಕರಗಿ ಮೈ ಕಡೆದಂತಾಗುತ್ತದೆ ಎಂಬ ನಂಬಿಕೆ ಅವರದು. ಮೂರು ತಿಂಗಳಲ್ಲಿ ತೂಕವೇನೋ ಇಳಿಯುತ್ತದೆ. ಆದರೆ ತೋಳು, ತೊಡೆಗಳೂ ಸೊರಗಿರುತ್ತವೆ.

1. ಊಟ: ತೂಕ ಏರದೆ ಇಳಿಯದೆ ನಿಲ್ಲುವಷ್ಟು ಊಟದಲ್ಲಿ ದಿನಕ್ಕೆ 300ರಿಂದ 500 ಕ್ಯಾಲೊರಿ ಕಡಿಮೆ ಮಾಡಿ. ವಾರಕ್ಕೆ ಮೈತೂಕದ ಶೇ 0.5ರಿಂದ 1ರಷ್ಟು ಇಳಿದರೆ ಸಾಕು. 80 ಕಿಲೊ ಇರುವವರಿಗೆ ಅದು 400ರಿಂದ 800 ಗ್ರಾಂ.

2. ಪ್ರೊಟೀನ್: ಪ್ರತಿ ಕಿಲೊ ಮೈತೂಕಕ್ಕೆ ದಿನಕ್ಕೆ 1.6ರಿಂದ 2.2 ಗ್ರಾಂ, ಮೂರು ನಾಲ್ಕು ಹೊತ್ತಿಗೆ ಹಂಚಿ. ತೀರಾ ದಪ್ಪ ಇದ್ದರೆ ತಲುಪಬೇಕೆಂದಿರುವ ತೂಕಕ್ಕೆ ಲೆಕ್ಕ ಹಾಕಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

3. ಭಾರ ಎತ್ತುವುದು: ಎಡವುವುದೆಲ್ಲ ಇಲ್ಲೇ. ಊಟ ಕಡಿಮೆಯಾದಾಗ ದೇಹ ಕೆಲಸವಿಲ್ಲದ ಸ್ನಾಯುವನ್ನು ಸಾಕುವುದಿಲ್ಲ. ಇಲ್ಲಿಯವರೆಗೆ ಯಾವ ಭಾರ ಎತ್ತಿ ಸ್ನಾಯು ಬೆಳೆಸಿದಿರೋ ಅದನ್ನೇ ಎತ್ತುತ್ತಿದ್ದರೆ ಅದು ಉಳಿಯುತ್ತದೆ. ಹಗುರ ತೂಕವನ್ನೂ ಕೈ ಸೋಲುವವರೆಗೆ ಎತ್ತಿದರೆ ಸ್ನಾಯು ಉಳಿದೀತು, ನಿಜ. ಆದರೆ ಉರಿ ಶುರುವಾದ ಕೂಡಲೇ ನಿಲ್ಲಿಸುವವರೇ ಹೆಚ್ಚು.

ಸ್ಕ್ವಾಟ್ (ಭಾರ ಹೊತ್ತು ಕುಕ್ಕರಿಸಿ ಏಳುವುದು), ಡೆಡ್‌ಲಿಫ್ಟ್ (ನೆಲದ ಮೇಲಿನ ಭಾರ ಎತ್ತಿ ನೆಟ್ಟಗೆ ನಿಲ್ಲುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲಕ್ಕೆ ತಳ್ಳುವುದು), ರೋಯಿಂಗ್ (ಭಾರವನ್ನು ಮೈಯತ್ತ ಎಳೆಯುವುದು), ತಲೆಯ ಮೇಲಕ್ಕೆ ಎತ್ತುವ ಪ್ರೆಸ್, ಇಷ್ಟಿದ್ದರೆ ಮೈಯೆಲ್ಲ ಬಂತು. ಪ್ರತಿ ಸ್ನಾಯುವಿಗೂ ವಾರಕ್ಕೆ ಎರಡು ಸಲ ಕೆಲಸ ಕೊಡಿ. ಒಂದು ಸೆಟ್‌ಗೆ, ಅಂದರೆ ನಡುವೆ ನಿಲ್ಲಿಸದೆ ಎತ್ತುವ ಒಂದು ಸರದಿಗೆ, 6ರಿಂದ 12 ಸಲ. ಇನ್ನೊಂದೆರಡು ಸಲ ಎತ್ತಬಹುದಿತ್ತು ಅನ್ನಿಸುವಾಗ ಇಳಿಸಿ. ಎರಡು ಸೆಟ್‌ಗಳ ನಡುವೆ 2–3 ನಿಮಿಷ ಕುಳಿತುಕೊಳ್ಳಲೇಬೇಕು. ಬೆವರು ಸುರಿಯಲೆಂದು ಅರ್ಧ ನಿಮಿಷಕ್ಕೇ ಎದ್ದರೆ ಮುಂದಿನ ಸೆಟ್‌ನಲ್ಲಿ ಉಸಿರು ಸೋಲುತ್ತದೆ, ಸ್ನಾಯುವಿಗೆ ಸಾಕಷ್ಟು ಕೆಲಸ ಸಿಗುವುದಿಲ್ಲ.

ಕೆಲವು ವಾರಗಳಲ್ಲಿ ಸುಸ್ತು ಬರುತ್ತದೆ. ಆಗ ಸೆಟ್ ಕಡಿಮೆ ಮಾಡಿ, ಭಾರವನ್ನಲ್ಲ. 60 ಕಿಲೊದಲ್ಲಿ 8 ಸಲದ ನಾಲ್ಕು ಸೆಟ್ ಸ್ಕ್ವಾಟ್ ಮಾಡುತ್ತಿದ್ದರೆ, ಅದೇ 60 ಕಿಲೊ, ಅದೇ 8 ಸಲ, ಎರಡೇ ಸೆಟ್. ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡಿ, ನೆನಪನ್ನು ನಂಬಬೇಡಿ. ಎರಡು ವಾರ ಸತತವಾಗಿ ಎಲ್ಲ ವ್ಯಾಯಾಮಗಳಲ್ಲೂ ಎತ್ತುವ ಭಾರವೋ ಸಲವೋ ಇಳಿಯುತ್ತಿದ್ದರೆ ಊಟ ಅತಿಯಾಗಿ ಕಡಿತವಾಗಿದೆ, ಇಲ್ಲವೇ ನಿದ್ದೆ ಸಾಲುತ್ತಿಲ್ಲ. ದಿನಕ್ಕೆ 100–200 ಕ್ಯಾಲೊರಿ ವಾಪಸ್ ಸೇರಿಸಿ.

ಫ್ಯಾಟ್ ಬರ್ನರ್ ಮಾತ್ರೆಗಳಿಗೆ ದುಡ್ಡು ಸುರಿಯಬೇಡಿ. ಬಹುತೇಕ ಅವುಗಳಲ್ಲಿ ಕೆಲಸ ಮಾಡುವುದು ಕೆಫೀನ್. ಹೊಟ್ಟೆಗೆ ಕಟ್ಟುವ ಬೆವರಿನ ಬೆಲ್ಟ್ ತೆಗೆಯುವುದು ನೀರನ್ನಷ್ಟೇ, ಎರಡು ಲೋಟ ಕುಡಿದರೆ ತೂಕ ಮರಳುತ್ತದೆ. ಕೊಳ್ಳಲೇಬೇಕೆಂದಿದ್ದರೆ ಕ್ರಿಯೇಟಿನ್ (ಭಾರ ಎತ್ತುವಾಗ ಸ್ನಾಯುವಿಗೆ ಥಟ್ಟನೆ ಶಕ್ತಿ ಒದಗಿಸಲು ನೆರವಾಗುವ ಪುಡಿ), ದಿನಕ್ಕೆ 3ರಿಂದ 5 ಗ್ರಾಂ. ಅದು ಸ್ನಾಯುವಿನಲ್ಲಿ ನೀರು ಹಿಡಿದಿಡುವುದರಿಂದ ಮೊದಲಿಗೆ ತೂಕ ತುಸು ಏರಿದರೆ ಗಾಬರಿ ಬೇಡ.

4. ನಡಿಗೆ: ದಿನವೂ ನಡೆಯಿರಿ. ಓಟ ಇಷ್ಟವಿದ್ದರೆ ವಾರಕ್ಕೆ ಎರಡು ಮೂರು ಸಲ, 20–30 ನಿಮಿಷ, ಭಾರ ಎತ್ತಿದ ನಂತರ ಅಥವಾ ಬೇರೆ ದಿನ. ಮೊದಲೇ ಓಡಿ ದಣಿದ ಕಾಲಲ್ಲಿ ಸ್ಕ್ವಾಟ್ ಬೇಡ.

5. ನಿದ್ದೆ: ಏಳು ಗಂಟೆಗಿಂತ ಕಡಿಮೆ ಆಗಕೂಡದು.

6. ಅಳತೆ: ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮೊದಲು ತೂಕ ನೋಡಿ, ವಾರದ ಸರಾಸರಿ ತೆಗೆಯಿರಿ. ಮೊದಲ ವಾರ ಸರ್ರನೆ ಇಳಿಯುವುದು ಹೆಚ್ಚಾಗಿ ನೀರು. ದೇಹದಲ್ಲಿ ಕೂಡಿಟ್ಟ ಒಂದು ಗ್ರಾಂ ಗ್ಲೈಕೋಜನ್ (ಸಕ್ಕರೆಯ ದಾಸ್ತಾನು) ಜೊತೆ ಸುಮಾರು 3 ಗ್ರಾಂ ನೀರಿರುತ್ತದೆ, ಅದು ಖರ್ಚಾದಾಗ ನೀರೂ ಹೋಗುತ್ತದೆ. ಸೊಂಟ ಅಳೆಯುವ ಟೇಪನ್ನು ಹೊಕ್ಕುಳ ಮಟ್ಟದಲ್ಲಿ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಹಿಡಿಯಿರಿ. ಸೊಂಟ ಇಳಿಯುತ್ತಾ ಪುಸ್ತಕದಲ್ಲಿ ಬರೆದ ಎತ್ತುವ ಭಾರ ಹಾಗೇ ಇದ್ದರೆ ಏನನ್ನೂ ಬದಲಿಸಬೇಡಿ. ಮೂರು ವಾರ ತೂಕವೂ ಸೊಂಟವೂ ಕದಲದಿದ್ದರೆ ಮಾತ್ರ ದಿನಕ್ಕೆ ಇನ್ನೊಂದು 100–150 ಕ್ಯಾಲೊರಿ ಕಡಿಮೆ ಮಾಡಿ.